ಹೆಸರು ಬರೆದ ಉಡುಗೊರೆ: ಮನೆಯಿಂದಲೇ ಆನ್‌ಲೈನ್ ಅಂಗಡಿ ತೆರೆಯುವವರಿಗೆ ಮಾರ್ಗದರ್ಶಿ

ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕಾಫಿ ಮಗ್ ಇವತ್ತು ಮಾರಾಟವಾಗದಿದ್ದರೆ ನಾಳೆ ಇನ್ನೊಬ್ಬರು ಅದನ್ನು ಕೊಳ್ಳುತ್ತಾರೆ. ಅದೇ ಮಗ್ ಮೇಲೆ ಒಬ್ಬರ ಅಮ್ಮನ ಹೆಸರನ್ನೂ ಅವರ ಹಳೆಯ ಫೋಟೊವನ್ನೂ ಅಚ್ಚು ಮಾಡಿದ ಮೇಲೆ ಅದಕ್ಕೆ ಒಬ್ಬರೇ ಗಿರಾಕಿ, ಒಂದೇ ದಿನ. ಅಕ್ಷರ ತಪ್ಪಿದರೂ ದಿನ ತಪ್ಪಿದರೂ ಆ ವಸ್ತು ಯಾರಿಗೂ ಬೇಡದ್ದಾಗುತ್ತದೆ. ಹೆಸರು, ಫೋಟೊ, ತಾರೀಖು ಹಾಕಿಕೊಡುವ ಉಡುಗೊರೆಗಳ ವ್ಯಾಪಾರವನ್ನು ಮನೆಯಿಂದ ಆರಂಭಿಸುವವರು ಯಂತ್ರ, ಬಂಡವಾಳ, ಜಾಹೀರಾತುಗಳಿಗಿಂತ ಮೊದಲು ಈ ಎರಡು ಮಾತುಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು ಎಂಬುದು ಮೈಸೂರಿನ ನಮ್ಮ ಮನೆಯ ಒಂದು ಕೋಣೆಯಲ್ಲಿ ಈ ಕೆಲಸ ಮಾಡುತ್ತಿರುವ ನನ್ನ ಅನುಭವ. ಕೆಳಗೆ ಹೇಳುವ ಹಂತಗಳೆಲ್ಲವೂ ಆ ಎರಡನ್ನು ಕಾಪಾಡಿಕೊಳ್ಳುವ ಉಪಾಯಗಳೇ ಆಗಿವೆ.

ಮೊದಲ ಹಂತ: ಒಂದು ಸಂದರ್ಭ, ಎರಡು ವಸ್ತು

ಹೊಸದಾಗಿ ಆರಂಭಿಸುವವರು ಮಗ್, ಟೀ ಶರ್ಟ್, ದಿಂಬು, ಕೀಚೈನ್, ಫೋಟೊ ಫ್ರೇಮ್, ನಾಮಫಲಕ ಎಲ್ಲವನ್ನೂ ಒಟ್ಟಿಗೆ ಪಟ್ಟಿಗೆ ಸೇರಿಸುತ್ತಾರೆ. ಪ್ರತಿ ವಸ್ತುವಿಗೂ ಬೇರೆ ಸಾಮಗ್ರಿ, ಬೇರೆ ಅಳತೆ, ಬೇರೆ ಪೆಟ್ಟಿಗೆ ಬೇಕಾಗುವುದರಿಂದ ಹಣವೆಲ್ಲ ದಾಸ್ತಾನಿನಲ್ಲಿ ಸಿಕ್ಕಿಕೊಳ್ಳುತ್ತದೆ. ಇದರ ಬದಲು ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಸಂದರ್ಭವನ್ನು ಆರಿಸಿಕೊಂಡು, ಅದಕ್ಕೆ ಹೊಂದುವ ಎರಡು ವಸ್ತುಗಳಿಂದ ಆರಂಭಿಸುವುದು ಒಳ್ಳೆಯದು. ನಮ್ಮಲ್ಲಿ ಸಂದರ್ಭಗಳಿಗೆ ಕೊರತೆಯಿಲ್ಲ: ನಾಮಕರಣಕ್ಕೆ ಮಗುವಿನ ಹೆಸರು ಕೆತ್ತಿದ ಸ್ಟೀಲ್ ಲೋಟ, ಗೃಹಪ್ರವೇಶಕ್ಕೆ ಮರದ ಅಥವಾ ಅಕ್ರಿಲಿಕ್ ನಾಮಫಲಕ, ಷಷ್ಟ್ಯಬ್ದಿಗೆ ದಂಪತಿಯ ಫೋಟೊ ಇರುವ ಫ್ರೇಮ್, ವರಮಹಾಲಕ್ಷ್ಮಿ ಹಬ್ಬಕ್ಕೆ ತಾಂಬೂಲದ ಜೊತೆ ಕೊಡುವ ಹೆಸರಿನ ಬಟ್ಟೆ ಚೀಲ, ಸೆಪ್ಟೆಂಬರ್ 5ರ ಶಿಕ್ಷಕರ ದಿನಕ್ಕೆ ಪೆನ್ ಸ್ಟ್ಯಾಂಡ್, ನವೆಂಬರ್ 1ಕ್ಕೆ ಕನ್ನಡದ ಸಾಲುಗಳಿರುವ ಮಗ್.

ಇವುಗಳಲ್ಲಿ ರಿಟರ್ನ್ ಗಿಫ್ಟ್ ಎಂದು ಕರೆಯುವ, ಬಂದ ಅತಿಥಿಗಳಿಗೆ ಕೊಡುವ ವಸ್ತುಗಳನ್ನು ನಾನು ವಿಶೇಷವಾಗಿ ಶಿಫಾರಸು ಮಾಡುತ್ತೇನೆ. ಒಂದೊಂದಾಗಿ ಬರುವ ಹುಟ್ಟುಹಬ್ಬದ ಆರ್ಡರ್‌ಗಳಲ್ಲಿ ಪ್ರತಿ ವಸ್ತುವಿಗೂ ಹೊಸ ವಿನ್ಯಾಸ ಮಾಡಬೇಕು, ಪ್ರತಿಯೊಬ್ಬರೊಂದಿಗೂ ಹೊಸದಾಗಿ ಮಾತಾಡಬೇಕು. ನಲವತ್ತು ಲೋಟಗಳ ಒಂದು ಆರ್ಡರ್‌ಗೆ ವಿನ್ಯಾಸ ಒಂದೇ ಸಲ, ಮಾತುಕತೆ ಒಂದೇ ಸಲ, ಸಾಗಣೆಯೂ ಒಂದೇ ಸಲ.

ಮರದ ವಸ್ತುಗಳನ್ನು ಮಾರುವ ಆಸೆಯಿದ್ದರೆ ಚನ್ನಪಟ್ಟಣದ ಕುಶಲಕರ್ಮಿಗಳೊಂದಿಗೆ ಮಾತಾಡಿ ನೋಡಬಹುದು. ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವ ಆ ಕೆಲಸಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಆದ್ದರಿಂದ ಬೇರೆ ಕಡೆ ತಯಾರಾದ ಬಣ್ಣದ ಮರದ ವಸ್ತುವನ್ನು ಚನ್ನಪಟ್ಟಣದ್ದೆಂದು ಹೇಳಿ ಮಾರುವುದು ಕಾನೂನಿಗೂ ವಿರುದ್ಧ, ಆ ಕುಶಲಕರ್ಮಿಗಳಿಗೂ ಅನ್ಯಾಯ.

ಎರಡನೆಯ ಹಂತ: ಯಂತ್ರ ಕೊಳ್ಳುವ ಮುನ್ನ

ಮೊದಲ ಮೂರು ತಿಂಗಳು ಯಾವ ಯಂತ್ರವನ್ನೂ ಕೊಳ್ಳಬೇಡಿ. ಜಿಲ್ಲಾ ಕೇಂದ್ರಗಳಲ್ಲೂ ಅನೇಕ ತಾಲ್ಲೂಕು ಕೇಂದ್ರಗಳಲ್ಲೂ ಈಗ ಮಗ್ ಪ್ರಿಂಟಿಂಗ್ ಮತ್ತು ಲೇಸರ್ ಕಟಿಂಗ್ ಮಾಡುವವರಿದ್ದಾರೆ, ಕೂಲಿಯ ಲೆಕ್ಕದಲ್ಲಿ ಬೇರೆಯವರ ಕೆಲಸವನ್ನೂ ಮಾಡಿಕೊಡುತ್ತಾರೆ. ವಿನ್ಯಾಸ, ಗ್ರಾಹಕರೊಂದಿಗೆ ಮಾತುಕತೆ, ಪ್ಯಾಕಿಂಗ್ ನಿಮ್ಮದಾಗಿರಲಿ, ಅಚ್ಚು ಮಾತ್ರ ಅವರದಾಗಿರಲಿ. ಒಂದು ಸಂಗತಿ ಮುಖ್ಯ: ಅಂಥ ಇಬ್ಬರನ್ನಾದರೂ ಪರಿಚಯ ಮಾಡಿಕೊಂಡಿರಬೇಕು, ಏಕೆಂದರೆ ಮದುವೆಯ ಕಾಲದಲ್ಲಿ ಒಬ್ಬರ ಯಂತ್ರ ಕೆಟ್ಟರೆ ನಿಮ್ಮ ತಾರೀಖು ಕೆಡುತ್ತದೆ.

ಮೂರು ತಿಂಗಳಲ್ಲಿ ಯಾವ ವಸ್ತುವಿಗೆ ಬೇಡಿಕೆ ಇದೆಯೆಂದು ತಿಳಿದ ಮೇಲೆ ಯಂತ್ರದ ಯೋಚನೆ ಮಾಡಬಹುದು. ಮಗ್‌ಗೆ ಬಳಸುವ ಸಬ್ಲಿಮೇಶನ್ ವಿಧಾನದಲ್ಲಿ ವಿಶೇಷ ಶಾಯಿಯಿಂದ ಕಾಗದದ ಮೇಲೆ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಮುದ್ರಿಸಿ, ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒತ್ತಿದಾಗ ಶಾಯಿ ಆವಿಯಾಗಿ ಮಗ್‌ನ ಪಾಲಿಮರ್ ಲೇಪನದೊಳಗೆ ಇಳಿಯುತ್ತದೆ. ಲೇಪನವಿಲ್ಲದ ಮಗ್ ಮೇಲಾಗಲಿ, ಶುದ್ಧ ಹತ್ತಿ ಬಟ್ಟೆಯ ಮೇಲಾಗಲಿ ಈ ಶಾಯಿ ನಿಲ್ಲುವುದಿಲ್ಲ. ಪಾಲಿಯೆಸ್ಟರ್ ಬಟ್ಟೆ ಬೇಕು, ಅದೂ ಬಿಳಿಯ ಅಥವಾ ತಿಳಿಬಣ್ಣದ್ದಾಗಿರಬೇಕು. ಸಬ್ಲಿಮೇಶನ್ ಪ್ರಿಂಟರನ್ನು ವಾರಗಟ್ಟಲೆ ಸುಮ್ಮನೆ ಬಿಟ್ಟರೆ ಶಾಯಿ ಒಣಗಿ ನಳಿಗೆ ಕಟ್ಟಿಕೊಳ್ಳುವುದರಿಂದ, ಆರ್ಡರ್ ಇರಲಿ ಇಲ್ಲದಿರಲಿ ಎರಡು ಮೂರು ದಿನಕ್ಕೊಮ್ಮೆ ಒಂದು ಹಾಳೆಯನ್ನಾದರೂ ಮುದ್ರಿಸಬೇಕು. ಹೀಗೆ ಶಾಖ ಕೊಟ್ಟು ಒತ್ತುವ ದೊಡ್ಡ ಹೀಟ್ ಪ್ರೆಸ್‌ಗೆ 16 ಆಂಪಿಯರ್ ಸಾಕೆಟ್ ಬೇಕು, ಮನೆಯ ಸಾಮಾನ್ಯ ಇನ್ವರ್ಟರ್ ಅದನ್ನು ಹೊರುವುದಿಲ್ಲ.

ಲೇಸರ್ ಯಂತ್ರವನ್ನು ಮನೆಯೊಳಗೆ ಇಡುವವರು ಹೊಗೆ ಹೊರಗೆ ಹೋಗುವ ವ್ಯವಸ್ಥೆಯನ್ನು ಮೊದಲು ಮಾಡಿಕೊಳ್ಳಬೇಕು. ಪಿವಿಸಿ ಹಾಳೆಯನ್ನು ಲೇಸರ್‌ನಲ್ಲಿ ಎಂದೂ ಕತ್ತರಿಸಬಾರದು, ಅದರಿಂದ ಕ್ಲೋರಿನ್ ಇರುವ ವಿಷಾನಿಲ ಹೊರಡುತ್ತದೆ. ಮಕ್ಕಳಿರುವ ಮನೆಯಾದರೆ ಈ ಕೆಲಸವನ್ನು ಹೊರಗೇ ಮಾಡಿಸಿಕೊಳ್ಳುವುದು ಸರಿ ಎಂದು ನಾನು ಒತ್ತಿ ಹೇಳುತ್ತೇನೆ.

ಬಂಡವಾಳಕ್ಕೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಸಾಲ ಸಿಗುತ್ತದೆ, ಆರಂಭಕ್ಕೆ ಅಷ್ಟು ಸಾಕು. ತರಬೇತಿ ಬೇಕಾದವರು ತಮ್ಮ ಜಿಲ್ಲೆಯ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯನ್ನು ವಿಚಾರಿಸಬಹುದು. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಬೆಳೆದ ಈ ಕೇಂದ್ರಗಳಲ್ಲಿ ತರಬೇತಿ ಉಚಿತ.

ಮೂರನೆಯ ಹಂತ: ಕನ್ನಡ ಅಕ್ಷರ

ಈ ಭಾಗವನ್ನು ನಿಧಾನವಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಮೊದಲ ವರ್ಷ ನನಗಾದ ಅತಿ ದೊಡ್ಡ ನಷ್ಟ ಇಲ್ಲಿಯೇ ಆಯಿತು. ನಾಮಕರಣಕ್ಕೆಂದು ನಲವತ್ತು ಲೋಟಗಳ ಆರ್ಡರ್ ಬಂದಿತ್ತು, ಮಗುವಿನ ಹೆಸರಿನಲ್ಲಿ ಒತ್ತಕ್ಷರವಿತ್ತು. ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಕಂಡ ಹೆಸರು, ಕೆತ್ತುವವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದ ಕಾರಣ ಒಡೆದು, ಒತ್ತಕ್ಷರ ಕೆಳಗೆ ಕೂರುವ ಬದಲು ಪಕ್ಕದಲ್ಲಿ ನಿಂತುಬಿಟ್ಟಿತ್ತು. ಕೆತ್ತುವವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ನಾನು ಮೊದಲ ಲೋಟವನ್ನು ನೋಡಲು ಹೋಗಿರಲಿಲ್ಲ. ನಲವತ್ತೂ ಲೋಟಗಳನ್ನು ನನ್ನ ಖರ್ಚಿನಲ್ಲಿ ಮತ್ತೆ ಮಾಡಿಸಿ, ಹಿಂದಿನ ರಾತ್ರಿ ನಾವೇ ಹೋಗಿ ತಲುಪಿಸಬೇಕಾಯಿತು.

ಇದನ್ನು ತಪ್ಪಿಸಲು ಕೆಲವು ಕ್ರಮಗಳಿವೆ. ವಿನ್ಯಾಸವನ್ನು ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಅಕ್ಷರ ಸಂಕೇತವಾದ ಯೂನಿಕೋಡ್ ಫಾಂಟ್‌ನಲ್ಲಿ ಮಾಡಿ, ಮುಗಿದ ಮೇಲೆ ಅಕ್ಷರಗಳನ್ನು ರೇಖೆಗಳಾಗಿ, ಅಂದರೆ ಪ್ರಿಂಟಿಂಗ್‌ನವರು ‘ಕರ್ವ್ಸ್’ ಎನ್ನುವ ರೂಪಕ್ಕೆ ಬದಲಿಸಿ, ಅನಂತರವೇ ಕಳುಹಿಸಬೇಕು. ಹಾಗೆ ಮಾಡಿದಾಗ ಅದು ಬರಹವಾಗಿ ಉಳಿಯದೆ ಚಿತ್ರವಾಗುವುದರಿಂದ ಯಾವ ಕಂಪ್ಯೂಟರಿನಲ್ಲಿಯೂ ಒಡೆಯುವುದಿಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಕೆಲಸ ಮಾಡುವ ಅಂಗಡಿಗಳು ಇನ್ನೂ ಇವೆ, ನಿಮ್ಮ ಯೂನಿಕೋಡ್ ಬರಹವನ್ನು ಅವರು ನಕಲು ಮಾಡಿ ಅಂಟಿಸಿದರೆ ಅಕ್ಷರ ಕೆಡುತ್ತದೆ. ಫೋಟೊಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಭಾರತೀಯ ಲಿಪಿಗಳಿಗೆಂದು ಇರುವ ಆಯ್ಕೆಯನ್ನು ಬದಲಿಸದ ಹೊರತು ಒತ್ತಕ್ಷರ ಸರಿಯಾಗಿ ಕೂರುವುದಿಲ್ಲ. ಉಚಿತವಾಗಿ ಸಿಗುವ ಇಂಕ್‌ಸ್ಕೇಪ್‌ನಲ್ಲಿ ಈ ತೊಂದರೆ ಇಲ್ಲ. ನೋಟೋ, ಬಲೂ ತಮ್ಮ, ಅನೆಕ್ ಕನ್ನಡ, ತಿರೋ ಕನ್ನಡ ಮುಂತಾದ ಫಾಂಟ್‌ಗಳು ಮುಕ್ತ ಪರವಾನಗಿಯಲ್ಲಿ ಗೂಗಲ್ ಫಾಂಟ್ಸ್‌ನಲ್ಲಿ ದೊರೆಯುತ್ತವೆ, ವ್ಯಾಪಾರಕ್ಕೂ ಬಳಸಬಹುದು.

ಅಕ್ಷರಗಳನ್ನೇ ಕತ್ತರಿಸಿ ತೆಗೆಯುವ ನಾಮಫಲಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. ‘ಮಾತೃಶ್ರೀ’ ಎಂಬ ಹೆಸರನ್ನು ತೆಗೆದುಕೊಳ್ಳಿ. ಅನೇಕ ಫಾಂಟ್‌ಗಳಲ್ಲಿ ತೃ ಅಕ್ಷರದ ಕೆಳಗಿನ ಚಿಹ್ನೆ, ಶ್ರೀಯ ರವತ್ತು, ದೀರ್ಘದ ಗುರುತು ಇವು ಮೂಲ ಅಕ್ಷರಕ್ಕೆ ತಾಗದೆ ಬೇರೆಯಾಗಿ ನಿಂತಿರುತ್ತವೆ. ಹಾಗೆಯೇ ಕತ್ತರಿಸಿದರೆ ಅವು ತುಂಡುತುಂಡಾಗಿ ಕಳಚಿ ಬೀಳುತ್ತವೆ. ಅವುಗಳನ್ನು ಅಕ್ಷರಕ್ಕೆ ಕೂಡಿಸಿ ಬರೆಯಬೇಕು, ಇಲ್ಲವೇ ಹಿಂದೆ ಇನ್ನೊಂದು ಹಲಗೆಯನ್ನು ಕೊಟ್ಟು ಅದರ ಮೇಲೆ ಅಂಟಿಸಬೇಕು. ಕೂಡಿಸುವಾಗ ಅಕ್ಷರದ ರೂಪ ಕೆಡದಂತೆ ನೋಡಿಕೊಳ್ಳುವುದು ಕೈಕೆಲಸ, ಅದನ್ನು ಕಲಿಯಲು ನಾಲ್ಕಾರು ಹೆಸರುಗಳ ಮೇಲೆ ಅಭ್ಯಾಸ ಮಾಡಲೇಬೇಕು.

ಹೆಸರಿನ ಕಾಗುಣಿತವನ್ನು ನೀವು ಊಹಿಸಬಾರದು. ಇಂಗ್ಲಿಷಿನಲ್ಲಿ ಬರೆದು ಕಳುಹಿಸಿದ ಒಂದೇ ಹೆಸರು ಕಲಾ ಆಗಬಹುದು, ಕಾಳ ಆಗಬಹುದು. ಮಾಲಾ, ಮಾಳ ಎರಡೂ ಒಂದೇ ಇಂಗ್ಲಿಷ್ ಅಕ್ಷರಗಳಲ್ಲಿ ಬರುತ್ತವೆ. ಮಾತೃಶ್ರೀಯನ್ನು ‘ಮಾತ್ರುಶ್ರೀ’ ಎಂದು ಬರೆದು ಕಳುಹಿಸುವವರೂ ಇದ್ದಾರೆ. ಅಂಥಾಗ ಸರಿಯಾದ ರೂಪವನ್ನು ವಿನಯದಿಂದ ತಿಳಿಸಿ, ಅವರು ಆರಿಸಿದ ರೂಪವನ್ನೇ ಹಾಕಬೇಕು. ಮನೆಯ ಹೆಸರನ್ನು ತಮ್ಮ ಹಿರಿಯರು ಬರೆದ ಹಾಗೆಯೇ ಉಳಿಸಿಕೊಳ್ಳಬೇಕೆನ್ನುವ ಕುಟುಂಬಗಳಿವೆ, ಅದು ಅವರ ಹಕ್ಕು.

ನಾಲ್ಕನೆಯ ಹಂತ: ಆರ್ಡರ್ ತೆಗೆದುಕೊಳ್ಳುವ ಕ್ರಮ

ವಾಟ್ಸ್ಆ್ಯಪ್ ಮಾತುಕತೆಯಲ್ಲಿ ವಿವರಗಳು ಚದುರಿ ಹೋಗುತ್ತವೆ. ಆದ್ದರಿಂದ ಎಲ್ಲ ಗ್ರಾಹಕರಿಗೂ ಒಂದೇ ನಮೂನೆಯನ್ನು ಕಳುಹಿಸಿ, ಅದನ್ನು ಅವರೇ ತುಂಬುವಂತೆ ಕೇಳಬೇಕು: ಅಚ್ಚಾಗಬೇಕಾದ ಹೆಸರು ಅದೇ ಲಿಪಿಯಲ್ಲಿ, ಕಾರ್ಯಕ್ರಮದ ತಾರೀಖು, ತಲುಪಬೇಕಾದ ವಿಳಾಸ ಮತ್ತು ಪಿನ್‌ಕೋಡ್, ಪಡೆಯುವವರ ಫೋನ್ ಸಂಖ್ಯೆ, ಪೊಟ್ಟಣದೊಳಗೆ ಬೆಲೆಯ ಚೀಟಿ ಇರಬೇಕೇ ಬೇಡವೇ. ‘ಯಾವಾಗ ಬೇಕು’ ಎಂದು ಕೇಳಿದರೆ ‘ಬೇಗ’ ಎಂಬ ಉತ್ತರ ಬರುತ್ತದೆ. ‘ಕಾರ್ಯಕ್ರಮ ಯಾವ ದಿನ’ ಎಂದು ಕೇಳಿದರೆ ತಾರೀಖು ಬರುತ್ತದೆ.

ಫೋಟೊಗಳ ಗುಣಮಟ್ಟವನ್ನು ಮೊದಲೇ ಪರೀಕ್ಷಿಸಬೇಕು. ಸಾಮಾನ್ಯ ಮಗ್ ಸುತ್ತ ಅಚ್ಚಾಗುವ ಜಾಗ ಸುಮಾರು 20 ಸೆಂಟಿಮೀಟರ್ ಅಗಲ, 9 ಸೆಂಟಿಮೀಟರ್ ಎತ್ತರ. ಅಂಗುಲಕ್ಕೆ 300 ಚುಕ್ಕಿಗಳ ಲೆಕ್ಕದಲ್ಲಿ ಚಿತ್ರ 2,360 x 1,060 ಪಿಕ್ಸೆಲ್‌ನಷ್ಟು ಇರಬೇಕಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದೇ ಕಳುಹಿಸಿದರೆ ಅದು ಕುಗ್ಗುತ್ತದೆ, ‘ಡಾಕ್ಯುಮೆಂಟ್’ ಎಂದು ಕಳುಹಿಸಿದರೆ ಮೂಲ ಅಳತೆಯಲ್ಲಿಯೇ ಬರುತ್ತದೆ. ಹಳೆಯ ಮದುವೆ ಫೋಟೊ ಆದರೆ ಅದನ್ನು ಫ್ರೇಮಿನಿಂದ ತೆಗೆದು, ಗಾಜಿನ ಹೊಳಪು ಬೀಳದಂತೆ, ಹಗಲು ಬೆಳಕಿನಲ್ಲಿ ತೆಗೆದು ಕಳುಹಿಸಲು ಹೇಳಬೇಕು.

ಅನಂತರ ಪ್ರೂಫ್ ಕಳುಹಿಸಬೇಕು. ಈ ಮಾದರಿ ಚಿತ್ರ ಅಚ್ಚಿಗೆ ಹೋಗುವ ಅದೇ ಫೈಲಿನಿಂದ ಬಂದಿರಬೇಕು, ತೋರಿಸಲೆಂದು ಬೇರೆಯಾಗಿ ಟೈಪ್ ಮಾಡಿದ್ದಾಗಿರಬಾರದು. ಗ್ರಾಹಕರು ಲಿಖಿತವಾಗಿ ‘ಹೆಸರು, ತಾರೀಖು ಸರಿಯಿದೆ’ ಎಂದು ಉತ್ತರಿಸುವವರೆಗೆ ಅಚ್ಚು ಆರಂಭಿಸಬೇಡಿ. ಹೆಬ್ಬೆರಳಿನ ಚಿಹ್ನೆಯನ್ನು ಒಪ್ಪಿಗೆಯೆಂದು ನಾನು ತೆಗೆದುಕೊಳ್ಳುವುದಿಲ್ಲ, ಏಕೆಂದರೆ ಬಹಳ ಜನ ಚಿತ್ರವನ್ನು ದೊಡ್ಡದು ಮಾಡಿ ನೋಡದೆ ಅದನ್ನು ಒತ್ತುತ್ತಾರೆ. ಹಲವು ವಸ್ತುಗಳ ಆರ್ಡರ್ ಆದರೆ ಮೊದಲ ಒಂದನ್ನು ಮಾಡಿ, ಕೈಯಲ್ಲಿ ಹಿಡಿದು ಅಕ್ಷರ ಅಕ್ಷರ ಓದಿ, ಅದರ ಫೋಟೊ ಕಳುಹಿಸಿದ ಮೇಲೆ ಉಳಿದವನ್ನು ಮಾಡಬೇಕು.

ಹಣವನ್ನು ಮುಂಗಡವಾಗಿ ಪಡೆಯಬೇಕು. ವಸ್ತು ತಲುಪಿದಾಗ ಹಣ ಕೊಡುವ ಪದ್ಧತಿ ಈ ವ್ಯಾಪಾರಕ್ಕೆ ಹೊಂದುವುದಿಲ್ಲ, ವಾಪಸು ಬಂದ ಹೆಸರನ್ನು ಬೇರೆ ಯಾರಿಗೂ ಕೊಡಲಾಗದು. ದೊಡ್ಡ ಆರ್ಡರ್‌ಗಳಲ್ಲಿ ಪ್ರೂಫ್‌ಗೆ ಮುನ್ನ ಅರ್ಧ, ಕಳುಹಿಸುವ ಮುನ್ನ ಉಳಿದರ್ಧ ಎಂಬುದು ಇಬ್ಬರಿಗೂ ನ್ಯಾಯವಾಗಿರುತ್ತದೆ.

ಐದನೆಯ ಹಂತ: ಬೆಲೆ ಕಟ್ಟುವುದು

ಒಂದು ಮಗ್‌ನ ಲೆಕ್ಕವನ್ನು ಉದಾಹರಣೆಗಾಗಿ ಇಡುತ್ತೇನೆ. ಅಂಕಿಗಳನ್ನು ನಿಮ್ಮ ಊರಿನ ದರಕ್ಕೆ ಬದಲಿಸಿಕೊಳ್ಳಿ. ಖಾಲಿ ಮಗ್ 90 ರೂಪಾಯಿ, ಶಾಯಿ ಮತ್ತು ಕಾಗದ 10, ಒಳಪೆಟ್ಟಿಗೆ, ಹೊರಪೆಟ್ಟಿಗೆ ಸೇರಿ 45, ಕೊರಿಯರ್ 80 ಎಂದರೆ 225 ಆಯಿತು. ಹತ್ತರಲ್ಲಿ ಒಂದು ಕೆಡುತ್ತದೆ ಎಂದು 10 ರೂಪಾಯಿ ಸೇರಿಸಿ. ವಿನ್ಯಾಸ, ಮಾತುಕತೆ, ಅಚ್ಚು, ಪ್ಯಾಕಿಂಗ್‌ಗೆ ನಲವತ್ತು ನಿಮಿಷ ಹಿಡಿಯುತ್ತದೆ, ಗಂಟೆಗೆ 120 ರೂಪಾಯಿ ಕೂಲಿಯಂತೆ 80 ಸೇರಿಸಿ. ಒಟ್ಟು 315. ಗ್ರಾಹಕರು ಆನ್‌ಲೈನ್‌ನಲ್ಲಿ ಕೊಟ್ಟ ಹಣವನ್ನು ನಿಮ್ಮ ಖಾತೆಗೆ ತಲುಪಿಸುವ ಪೇಮೆಂಟ್ ಗೇಟ್‌ವೇ ಶೇಕಡಾ 2 ಮತ್ತು ಅದರ ಮೇಲಿನ ತೆರಿಗೆ ಹಿಡಿದುಕೊಂಡರೆ, 399ಕ್ಕೆ ಮಾರಿದಾಗ ಸುಮಾರು 75 ರೂಪಾಯಿ ಉಳಿಯುತ್ತದೆ. ಪಕ್ಕದವರು 299ಕ್ಕೆ ಕೊಡುತ್ತಾರೆಂದು ನೀವೂ ಇಳಿಸಿದರೆ ನಿಮ್ಮ 80 ರೂಪಾಯಿ ಕೂಲಿಯಲ್ಲಿ 23 ರೂಪಾಯಿಯನ್ನು ಕೈಯಿಂದ ಬಿಟ್ಟುಕೊಟ್ಟಂತೆ.

ಮನೆಯಲ್ಲಿ ಕುಳಿತು ಮಾಡುವ ಕೆಲಸಕ್ಕೆ ಕೂಲಿ ಲೆಕ್ಕ ಹಾಕದಿರುವುದು, ಅದರಲ್ಲೂ ಹೆಣ್ಣುಮಕ್ಕಳು ಹಾಕದಿರುವುದು, ನಾನು ಮತ್ತೆ ಮತ್ತೆ ನೋಡಿರುವ ತಪ್ಪು. ಬೆಲೆಯನ್ನು ಇಳಿಸುವ ಬದಲು ನಲವತ್ತು ನಿಮಿಷವನ್ನು ಇಪ್ಪತ್ತಕ್ಕೆ ಇಳಿಸಲು ನೋಡಬೇಕು. ಸಿದ್ಧ ವಿನ್ಯಾಸಗಳು ಹತ್ತು ಇದ್ದರೆ ಅದು ಸಾಧ್ಯ.

ಆರನೆಯ ಹಂತ: ನೋಂದಣಿ ಮತ್ತು ಕಾನೂನು

ಸಣ್ಣ ಉದ್ಯಮಗಳಿಗೆಂದು ಇರುವ ಉದ್ಯಮ್ ನೋಂದಣಿಯನ್ನು ಆಧಾರ್ ಮತ್ತು ಪ್ಯಾನ್ ಬಳಸಿ ಕೇಂದ್ರ ಸರ್ಕಾರದ ಜಾಲತಾಣದಲ್ಲಿ ಉಚಿತವಾಗಿ ಮಾಡಿಕೊಳ್ಳಬಹುದು. ಇದಕ್ಕೆ ಹಣ ಕೇಳುವ ತಾಣಗಳು ಖಾಸಗಿಯವರದ್ದು. ವ್ಯಾಪಾರಕ್ಕೆ ಬೇರೆಯೇ ಬ್ಯಾಂಕ್ ಖಾತೆಯನ್ನು ಮೊದಲ ದಿನವೇ ತೆರೆಯಿರಿ.

ಜಿಎಸ್‌ಟಿ ವಿಷಯದಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಅರ್ಧ ಮಾತ್ರ. ಕರ್ನಾಟಕದಲ್ಲಿ ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ ಎಂಬುದು ನಿಜ. ಆದರೆ ಇದು ರಾಜ್ಯದೊಳಗಿನ ಮಾರಾಟದ ಮಾತು. ಹೈದರಾಬಾದಿಗೋ ಪುಣೆಗೋ ಒಂದು ಮಗ್ ಕಳುಹಿಸಿದರೂ ಅದು ಅಂತರರಾಜ್ಯ ಮಾರಾಟವಾಗುತ್ತದೆ, ವಹಿವಾಟು ಎಷ್ಟೇ ಚಿಕ್ಕದಾಗಿದ್ದರೂ ನೋಂದಣಿ ಬೇಕಾಗುತ್ತದೆ. ಅಧಿಸೂಚಿತ ಕರಕುಶಲ ವಸ್ತುಗಳಿಗೆ ಇದರಲ್ಲಿ ವಿನಾಯಿತಿ ಇದೆ. ಅಮೆಜಾನ್, ಮೀಶೋಗಳಂಥ ತಾಣಗಳಲ್ಲಿ ಮಾರಲು ಹಿಂದೆ ನೋಂದಣಿ ಅನಿವಾರ್ಯವಾಗಿತ್ತು. 2023ರ ಅಕ್ಟೋಬರ್ 1ರಿಂದ ನೋಂದಣಿ ಇಲ್ಲದವರೂ ದಾಖಲಾತಿ ಸಂಖ್ಯೆಯೊಂದನ್ನು ಪಡೆದು ರಾಜ್ಯದೊಳಗೆ ಮಾತ್ರ ಮಾರಬಹುದಾಗಿದೆ. ಹಾಗಾಗಿ ಮೊದಲ ಕೆಲವು ತಿಂಗಳು ‘ಕರ್ನಾಟಕದೊಳಗೆ ಮಾತ್ರ’ ಎಂದು ಸ್ಪಷ್ಟವಾಗಿ ಬರೆದು ಆರಂಭಿಸಿ, ಹೊರಗಿನ ಬೇಡಿಕೆ ನಿಶ್ಚಿತವಾದ ಮೇಲೆ ತೆರಿಗೆ ಸಲಹೆಗಾರರನ್ನು ಕಂಡು ನೋಂದಣಿ ಮಾಡಿಸುವುದು ಸುಲಭದ ದಾರಿ. ಬಾಡಿಗೆ ಮನೆಯಾದರೆ ಆಗ ಬಾಡಿಗೆ ಕರಾರು ಅಥವಾ ಮಾಲೀಕರ ಒಪ್ಪಿಗೆ ಪತ್ರವೂ ವಿದ್ಯುತ್ ಬಿಲ್ಲೂ ಬೇಕಾಗುತ್ತವೆ.

2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳ ಪ್ರಕಾರ ದೋಷವಿರುವ ವಸ್ತುವನ್ನಷ್ಟೇ ಅಲ್ಲ, ಹೇಳಿದ ದಿನ ಮೀರಿ ತಲುಪಿದ ವಸ್ತುವನ್ನೂ ವಾಪಸು ಪಡೆಯಲು ಮಾರುವವರು ನಿರಾಕರಿಸುವಂತಿಲ್ಲ. ‘ಹೆಸರಿನ ವಸ್ತು, ವಾಪಸಿಲ್ಲ’ ಎಂದು ಬರೆದುಕೊಂಡ ಮಾತ್ರಕ್ಕೆ ಈ ಹೊಣೆ ತಪ್ಪುವುದಿಲ್ಲ. ಗ್ರಾಹಕರೇ ಒಪ್ಪಿದ ಕಾಗುಣಿತಕ್ಕೆ ಅವರು ಹೊಣೆ, ಅಚ್ಚಿನ ದೋಷಕ್ಕೂ ವಿಳಂಬಕ್ಕೂ ನೀವು ಹೊಣೆ ಎಂದು ಪುಟದಲ್ಲಿ ನೇರವಾಗಿ ಬರೆಯಿರಿ.

ಕಾರ್ಟೂನ್ ಪಾತ್ರಗಳು, ಕ್ರಿಕೆಟ್ ತಂಡಗಳ ಲಾಂಛನ, ಸಿನಿಮಾ ಪೋಸ್ಟರುಗಳನ್ನು ಅನುಮತಿಯಿಲ್ಲದೆ ಅಚ್ಚು ಹಾಕಿ ಮಾರಬಾರದು. ಉಡುಗೊರೆ ಪೆಟ್ಟಿಗೆಯಲ್ಲಿ ಮನೆಯಲ್ಲಿ ಮಾಡಿದ ಚಾಕೊಲೇಟ್ ಇಡುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ಗ್ರಾಹಕರು ಕಳುಹಿಸಿದ ಫೋಟೊಗಳನ್ನು, ಮಕ್ಕಳ ಫೋಟೊಗಳನ್ನಂತೂ, ಅವರ ಅನುಮತಿಯಿಲ್ಲದೆ ನಿಮ್ಮ ಇನ್‌ಸ್ಟಾಗ್ರಾಂ ಪುಟದಲ್ಲಿ ಹಾಕಬೇಡಿ.

ಏಳನೆಯ ಹಂತ: ಅಂಗಡಿಯ ಬಾಗಿಲು ಮತ್ತು ಸಾಗಣೆ

ಆರಂಭಕ್ಕೆ ಇನ್‌ಸ್ಟಾಗ್ರಾಂ ಪುಟ ಮತ್ತು ವಾಟ್ಸ್ಆ್ಯಪ್ ಬಿಸಿನೆಸ್‌ನ ಕ್ಯಾಟಲಾಗ್ ಸಾಕು. ಫೋಟೊಗಳನ್ನು ಬೆಳಗಿನ ಹೊತ್ತು ಕಿಟಕಿಯ ಪಕ್ಕ ತೆಗೆಯಿರಿ. ವಸ್ತುವನ್ನು ಕೈಯಲ್ಲಿ ಹಿಡಿದ ಒಂದು ಚಿತ್ರವಿದ್ದರೆ ಅಳತೆ ತಾನಾಗಿ ತಿಳಿಯುತ್ತದೆ. ವಿವರಣೆಯನ್ನು ಕನ್ನಡದಲ್ಲೂ ಬರೆಯಿರಿ. ಕನ್ನಡದಲ್ಲಿ ಹೆಸರು ಬರೆಸಬೇಕೆಂದು ಹುಡುಕುವವರಿಗೆ ಅದೇ ಮೊದಲ ಭರವಸೆ. ಅಮೆರಿಕದಲ್ಲಿಯೋ ಕೊಲ್ಲಿ ದೇಶಗಳಲ್ಲಿಯೋ ಇದ್ದು, ಶಿವಮೊಗ್ಗದಲ್ಲಿರುವ ತಂದೆಯ ಷಷ್ಟ್ಯಬ್ದಿಗೆ ಉಡುಗೊರೆ ತಲುಪಿಸಬೇಕೆನ್ನುವ ಮಕ್ಕಳು ಒಳ್ಳೆಯ ಗ್ರಾಹಕರು. ಅವರಿಗಾಗಿ ಪೇಮೆಂಟ್ ಗೇಟ್‌ವೇಯಲ್ಲಿ ವಿದೇಶಿ ಕಾರ್ಡುಗಳಿಗೆ ಅವಕಾಶ ತೆರೆದಿಡಬೇಕು.

ಸಾಗಣೆಯಲ್ಲಿ ತೂಕಕ್ಕಿಂತ ಗಾತ್ರ ದುಬಾರಿ. ಅನೇಕ ಕೊರಿಯರ್‌ಗಳು ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿ ಬಂದದ್ದನ್ನು ಕಿಲೋ ಎಂದು ಹಿಡಿಯುತ್ತವೆ. ಎಲ್ಲ ಬದಿಯೂ 15 ಸೆಂಟಿಮೀಟರ್ ಇರುವ ಪೆಟ್ಟಿಗೆಗೆ 675 ಗ್ರಾಂ ಆಗುತ್ತದೆ, ಅರ್ಧ ಕಿಲೋ ದರ ಹೋಗಿ ಒಂದು ಕಿಲೋ ದರ ಬೀಳುತ್ತದೆ. 13 ಸೆಂಟಿಮೀಟರಿನ ಪೆಟ್ಟಿಗೆಗೆ 440 ಗ್ರಾಂ ಮಾತ್ರ, ಒಳಗಿನ ವಸ್ತುವಿನ ನಿಜವಾದ ತೂಕವೂ ಅರ್ಧ ಕಿಲೋ ಮೀರದಂತೆ ತೂಗಿ ನೋಡಿ. ಪ್ಯಾಕ್ ಮಾಡಿದ ಮೊದಲ ಪೆಟ್ಟಿಗೆಯನ್ನು ಸೊಂಟದ ಎತ್ತರದಿಂದ ನಾಲ್ಕು ಸಲ ನೆಲಕ್ಕೆ ಬೀಳಿಸಿ ಪರೀಕ್ಷಿಸಿ. ಕೊರಿಯರ್ ತಲುಪದ ಹಳ್ಳಿಗಳಿಗೆ ಸ್ಪೀಡ್ ಪೋಸ್ಟ್, ರಾಜ್ಯದೊಳಗಿನ ದೊಡ್ಡ ಗಂಟುಗಳಿಗೆ ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋ ಇವೆ.

ತಾರೀಖನ್ನು ಹಿಂದಿನಿಂದ ಎಣಿಸುವ ಅಭ್ಯಾಸ ಮಾಡಿಕೊಳ್ಳಿ. ಕಾರ್ಯಕ್ರಮಕ್ಕೆ ಎರಡು ದಿನ ಮುನ್ನ ವಸ್ತು ಮನೆ ಸೇರಬೇಕು, ಸಾಗಣೆಗೆ ನಾಲ್ಕು ದಿನ, ತಪ್ಪಾದರೆ ಮತ್ತೊಮ್ಮೆ ಮಾಡಲು ಎರಡು ದಿನ, ಅಚ್ಚಿಗೆ ಒಂದು, ಪ್ರೂಫ್ ಒಪ್ಪಿಗೆಗೆ ಎರಡು: ಹನ್ನೊಂದು ದಿನ. ಅದಕ್ಕಿಂತ ಕಡಿಮೆ ಸಮಯ ಇರುವ ಆರ್ಡರನ್ನು, ಗ್ರಾಹಕರು ಎಷ್ಟೇ ಒತ್ತಾಯಿಸಿದರೂ, ನಿಮ್ಮದೇ ಊರಿನದಲ್ಲದಿದ್ದರೆ ಒಪ್ಪಿಕೊಳ್ಳಬೇಡಿ.

ಆಷಾಢದಲ್ಲಿ ಮದುವೆ, ಗೃಹಪ್ರವೇಶಗಳು ಇಲ್ಲದ ಕಾರಣ ಆರ್ಡರ್‌ಗಳು ಇಳಿಯುತ್ತವೆ. ಹೊಸಬರು ಆರಂಭಿಸಲು ಆ ತಿಂಗಳೇ ಅನುಕೂಲ. ಅಕ್ಷರ ಕೂಡಿಸುವುದನ್ನು ಕಲಿತು, ಹತ್ತು ವಿನ್ಯಾಸ ಸಿದ್ಧ ಮಾಡಿ, ಮಾದರಿ ವಸ್ತುಗಳ ಫೋಟೊ ತೆಗೆದು, ಬಂಧುಗಳ ಮನೆಗೆ ಎರಡು ಪೊಟ್ಟಣ ಕಳುಹಿಸಿ ಒಡೆಯದೆ ತಲುಪಿತೇ ಎಂದು ನೋಡಿಕೊಳ್ಳಲು ನಾಲ್ಕು ವಾರ ಸಿಗುತ್ತದೆ. ಶ್ರಾವಣ ಹುಟ್ಟುವ ಹೊತ್ತಿಗೆ ವರಮಹಾಲಕ್ಷ್ಮಿ ಹಬ್ಬದ ತಾಂಬೂಲದ ಚೀಲಗಳನ್ನು ಕೇಳಿಕೊಂಡು ಮೊದಲ ಕರೆ ಬರುತ್ತದೆ.